ಮೊಗುತಾನ ಟಾರ್ಚು

ಸೆಪ್ಟೆಂಬರ್ 9, ಮಂಗಳವಾರ

ಇಡೀ ಬೆಳಿಗ್ಗೆ ಬ್ರೇಕ್ ಪೆಡಲ್ ಪುರಾಣ. ಸದ್ದು ಮಾಡುತ್ತದೆ ಎಂದು ಇಲ್ಲಿಯವರು, ಮಾಡುವುದಿಲ್ಲ ಎಂದು ಜಪಾನಿನವರು. ನಡುವೆ ನಾನು. ಇಂಟರ್‌ಪ್ರಿಟರ್ ಕೆಲಸವೆಂದರೆ ಇಬ್ಬರ ಸಿಟ್ಟನ್ನೂ ಸೋಸಿ, ತಿಳಿಯಾದದ್ದನ್ನು ಆಚೆ ಬಡಿಸುವುದು ಅಂದುಕೊಂಡಿದ್ದೇನೆ. ನನ್ನ ಹಿರಿಯ ಇಂಟರ್‌ಪ್ರಿಟರ್ ಹೊರಿಬೆ ಸಾನ್‌ಗೆ ಇದು ಆಗುವುದಿಲ್ಲ. ಮೀಟಿಂಗ್ ಮುಗಿದ ಮೇಲೆ ಇವತ್ತೂ ಬೈಸಿಕೊಂಡೆ. "ಸೋಸಬೇಡ ಮೇಧಾ ಸಾನ್. ಅವರು ಹೇಳಿದ್ದನ್ನು ಹೇಳು." ಏಳು ವರ್ಷದಿಂದ ಇದೇ ಮಾತು. ಅಮೆರಿಕದ ಈ ಟ್ರಾಯ್ ಊರಿನ ಆಫೀಸಿನಲ್ಲಿ ನನಗೆ ಕೆಲಸ ಕಲಿಸಿದವರು ಅವರು. ಅವರ ಗಂಡನನ್ನು ಕಂಪನಿ ಜಪಾನಿಗೆ ವಾಪಸ್ ಕರೆಸಿಕೊಂಡಿದೆ, ಇವರೂ ಅಕ್ಟೋಬರ್ ಐದಕ್ಕೆ ಹೊರಡುತ್ತಾರೆ. ಹತ್ತಿರದ ನೊವೈ ಊರಿನಲ್ಲಿದ್ದ ಅವರ ಮನೆ ಮಾರಿಯಾಗಿದೆ. ಆಮೇಲೆ ನನ್ನನ್ನು ಬೈಯುವವರು ಯಾರು?

ಇನ್ನೊಂದು. ಪೆಡಲ್ ಚಿತ್ರ ಬರೆದು ತೋರಿಸಿ ಎಂದು ಇಂಜಿನಿಯರ್ ಮಾರ್ಕರ್ ಕೊಟ್ಟರೆ, ಹೊರಿಬೆ ಸಾನ್ ಎಂದಿನಂತೆ ಅದನ್ನು ನನಗೆ ದಾಟಿಸಿದರು. ಬೋರ್ಡ್ ಮೇಲೆ ಒಂದು ಗೆರೆಯನ್ನೂ ಎಳೆಯುವುದಿಲ್ಲ. ಯಾಕೆಂದು ನನಗೊಬ್ಬಳಿಗೆ ಗೊತ್ತು.

ಸಂಜೆ 6.30

ಈಗಷ್ಟೇ ಮೈದುನ ಈರೇಶನ ಫೋನ್. 

"ವೈನಿ, ಕುಂತೀರೇನು? ಮದ್ಲ ಕುಂದರ್ರಿ."

ಸಿಕ್ಕಿದೆಯಂತೆ. ಮೊಗುತಾ ಸಿಕ್ಕಿದೆಯಂತೆ!

ಸೆಪ್ಟೆಂಬರ್ 10, ಬುಧವಾರ

ನಿನ್ನೆ ಬರೆಯಲಾಗಲಿಲ್ಲ. ಅಡುಗೆಮನೆಯಲ್ಲಿ ಸುತ್ತು ಹೊಡೆದದ್ದೇ ಹೊಡೆದದ್ದು. ಗಂಡ ಸತ್ಯ ಅಣಕಿಸಿದ, ಲಾಟರಿ ಹೊಡೆದರೂ ನೀನು ಇಷ್ಟು ಕುಣಿಯುವುದಿಲ್ಲ ಎಂದು. ಅವನಿಗೆ ಏನು ಗೊತ್ತು.

ಕ್ರಮವಾಗಿ ಬರೆಯುತ್ತೇನೆ. ಹೊರಿಬೆ ಸಾನ್ ಮದುವೆಗೆ ಮೊದಲು ಒಸಾಕಾದ ಒಂದು ಸಣ್ಣ ವಿಡಿಯೋ ಗೇಮ್ ಕಂಪನಿಯಲ್ಲಿ ಚಿತ್ರ ಬರೆಯುತ್ತಿದ್ದರು. ಟಾರ್ಚು ಮಾಡುವ ಇನ್ನೊಂದು ಕಂಪನಿಗೆ ಜಾಹೀರಾತಿನ ಒಂದು ಕಾರ್ಟೂನ್ ಗೊಂಬೆಯಿತ್ತು — ಮೊಗುತಾ. ಹಳದಿ ಹೆಲ್ಮೆಟ್ಟು, ಕೈಯಲ್ಲಿ ಟಾರ್ಚು, ನೆಲ ಕೊರೆಯುವ ಮೋಲ್ ಪ್ರಾಣಿ, ನೋಡಲು ಥೇಟ್ ನಮ್ಮ ಹೆಗ್ಗಣ. ಅದನ್ನಿಟ್ಟುಕೊಂಡು ಇವರು ಒಂದು ದೊಡ್ಡ ರೋಲ್ ಪ್ಲೇಯಿಂಗ್ ಗೇಮ್ ಮಾಡಿದರು. ಭೂಮಿಯೊಳಗಿನ ಕತ್ತಲ ರಾಜ್ಯಗಳನ್ನು ದಾಟಿ ಮೊಗುತಾ ಮೇಲೆ ಬರುವ ಕಥೆ. ಕೊನೆಯ ಚಿತ್ರ ಹೊರಿಬೆ ಸಾನ್‌ದು. ಮೊಗುತಾ ಬೆಟ್ಟದ ಮೇಲೆ ಬರುತ್ತಾನೆ, ಬೆಳಗಾಗುತ್ತದೆ, ಟಾರ್ಚು ಆರಿಸುತ್ತಾನೆ.

ಟಾರ್ಚ್ ಕಂಪನಿಯವರು ಹೌಹಾರಿದರಂತೆ. ನಮ್ಮ ಮೊಗುತಾ ಯಾವತ್ತೂ ಟಾರ್ಚು ಆರಿಸುವುದಿಲ್ಲ, ಚಿತ್ರ ಬದಲಿಸಿ ಎಂದರಂತೆ. ಇವರು ಬದಲಿಸಲಿಲ್ಲ, ಕೆಲಸ ಬಿಟ್ಟರು. ಕೆಲವು ತಿಂಗಳ ಮೇಲೆ ಗೇಮ್ ರದ್ದಾಯಿತು ಎಂಬ ಸುದ್ದಿ. ಅವತ್ತಿನಿಂದ ಅವರ ತಲೆಯಲ್ಲಿ ಒಂದೇ ಲೆಕ್ಕ: ನನ್ನೊಬ್ಬಳ ಹಟಕ್ಕೆ ಎಲ್ಲರ ಕೆಲಸ ಮಣ್ಣುಪಾಲಾಯಿತು. ಪೆನ್ಸಿಲ್ ಮುಟ್ಟಿಲ್ಲ. ಮೂರು ವರ್ಷದ ಹಿಂದೆ ಹಿಮ ಬಿದ್ದು ರಸ್ತೆ ಬಂದ್ ಆದ ಒಂದು ದಿನ ಆಫೀಸಿನಲ್ಲಿ ನಾವಿಬ್ಬರೇ ಉಳಿದಿದ್ದೆವು, ಆಗ ಹೇಳಿದ್ದು. ತಾನು ಬಿಟ್ಟ ಮೇಲೆ ಆ ಚಿತ್ರವನ್ನು ಉಳಿಸಿಕೊಂಡರೋ ಕಿತ್ತರೋ ಅದೂ ಗೊತ್ತಿಲ್ಲ ಎಂದಿದ್ದರು.

ಅವತ್ತೇ ಈರೇಶನಿಗೆ ಹೇಳಿಟ್ಟಿದ್ದೆ. ಸತ್ಯನ ತಮ್ಮ, ಶಿಕಾಗೊ ಹತ್ತಿರದ ಎಲ್ಕ್ ಗ್ರೋವ್ ವಿಲೇಜ್‌ನಲ್ಲಿ ಡೇಟಾ ಸೆಂಟರ್ ಕೆಲಸ, ಮನೆ ತುಂಬ ಹಳೇ ಗೇಮು. ಕೂರಲು ಸೋಫಾ ಇಲ್ಲ, ಗೇಮಿಗೆ ಕಪಾಟು ಉಂಟು. ಮೂರು ವರ್ಷ ಹುಡುಕಿದ. ಕೊನೆಗೆ ಸಿಕ್ಕಿದ್ದು ಅವನ ಮನೆಯಿಂದ ಎರಡು ಮೈಲಿ ಆಚೆ, ಬಾಗಿಲು ಹಾಕಿದ ಯಾವುದೋ ಕಂಪನಿಯ ಗೋಡೌನಿನ ಸಾಮಾನಿನಲ್ಲಿ. ಮಾರುವವನು ಆನ್‌ಲೈನ್‌ನಲ್ಲಿ "ಜಪಾನೀಸ್ ಮೌಸ್ ಗೇಮ್" ಎಂದು ಹಾಕಿದ್ದನಂತೆ. ಫೋಟೋ ಕಳಿಸಿದ್ದಾನೆ. ಹಸಿರು ಬೋರ್ಡು, ಗೇಮನ್ನು ತುಂಬಿಟ್ಟ ನಾಲ್ಕು ಕಂಪ್ಯೂಟರ್ ಚಿಪ್ಪು, ಒಂದೊಂದರ ಮೇಲೂ ಹೆಲ್ಮೆಟ್ ಹೆಗ್ಗಣದ ಸ್ಟಿಕ್ಕರ್. ಕೆಳಗೆ ಜಪಾನೀಸಿನಲ್ಲಿ: "ಅಮೆರಿಕ ಶಾಖೆಗೆ ಸ್ಯಾಂಪಲ್. 1995 ಜೂನ್."

ಹೊರಿಬೆ ಸಾನ್ ಕೆಲಸ ಬಿಟ್ಟದ್ದು ಆ ವರ್ಷದ ಫೆಬ್ರವರಿಯಲ್ಲಿ. ಅಂದರೆ ಇದು ಅವರು ಹೋದ ಮೇಲಿನದು. ಚಿತ್ರ ಉಳಿಯಿತೋ ಇಲ್ಲವೋ, ಉತ್ತರ ಇದರೊಳಗೇ ಇದೆ.

ಊಟದ ಹೊತ್ತಿನಲ್ಲಿ ಅವರಿಗೆ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಮುಚ್ಚಿದೆ. ಒಳಗೆ ಮೊಗುತಾ ಟಾರ್ಚು ಹಿಡಿದುಕೊಂಡೇ ನಿಂತಿದ್ದರೆ?

ಸೆಪ್ಟೆಂಬರ್ 14, ಭಾನುವಾರ

ಶನಿವಾರ ಬೆಳಗಾಗುತ್ತಲೇ ಹೊರಟು 94ನೇ ಹೆದ್ದಾರಿಯಲ್ಲಿ ಒಬ್ಬಳೇ ಡ್ರೈವ್ ಮಾಡಿಕೊಂಡು ಹೋದೆ. ಶಿಕಾಗೊ ಗಡಿಯಾರ ನಮ್ಮದಕ್ಕಿಂತ ಒಂದು ಗಂಟೆ ಹಿಂದೆ, ಹೋಗುವಾಗ ಆ ಗಂಟೆ ಪುಕ್ಕಟೆ ಸಿಗುತ್ತದೆ, ಬರುವಾಗ ಕಿತ್ತುಕೊಳ್ಳುತ್ತಾರೆ.

ಈರೇಶ ಹಳೇ ಟಿವಿ, ಹಳೇ ಮಷೀನು ಎಲ್ಲ ಸಜ್ಜು ಮಾಡಿಟ್ಟಿದ್ದ. ಸ್ವಿಚ್ ಒತ್ತಿದ. ಕಪ್ಪು. ಕಪ್ಪು. ಆಮೇಲೆ ಮೂಲೆಯಲ್ಲಿ ಒಂದು ಹಳದಿ ಚುಕ್ಕೆ... ಹತ್ತಿರ ಬಂತು... ಟಾರ್ಚು! ಅದರ ಹಿಂದೆ ಹೆಲ್ಮೆಟ್. ಇಬ್ಬರೂ ಕಿರುಚಿದೆವು. ಪಕ್ಕದ ಮನೆಯವರು ಗೋಡೆ ಬಡಿದರು.

ಎಷ್ಟು ಚೆಂದದ ಗೇಮು. ಇದರಲ್ಲಿ ಯಾರನ್ನೂ ಕೊಲ್ಲುವುದಿಲ್ಲ. ಕತ್ತಲಲ್ಲಿ ಏನೋ ಗುರ್ ಎನ್ನುತ್ತದೆ, ಮೊಗುತಾ ಬೆಳಕು ಬಿಡುತ್ತಾನೆ, ನೋಡಿದರೆ ಅದು ಹೆದರಿ ಕೂತ ಎರೆಹುಳು. ಆಮೇಲೆ ಮಾತುಕತೆ. ನಾನು ಓದಿ ಹೇಳುತ್ತಾ ಹೋದೆ, ಈರೇಶ ಆಡುತ್ತಾ ಹೋದ. ಎರೆಹುಳುವಿಗೆ ನನ್ನ ಬಾಯಲ್ಲಿ ತವರಿನ ತುಮಕೂರು ಕನ್ನಡ ಬಂತು. ಭೂಗರ್ಭದ ಪ್ರತಿ ಅಂಗಡಿಯಲ್ಲೂ ಒಂದೇ ಕಂಪನಿಯ ಟಾರ್ಚ್ ಸೆಲ್ಲು, ಬೇರೆ ಏನೂ ಸಿಗುವುದಿಲ್ಲ. ನಕ್ಕು ನಕ್ಕು ಹೊಟ್ಟೆ ನೋವು.

ಆದರೆ ಸೇವ್ ಆಗುವುದಿಲ್ಲ. ಒಳಗಿನ ಪುಟ್ಟ ಬ್ಯಾಟರಿ ಎಂದೋ ಸತ್ತಿದೆ. ಆಫ್ ಮಾಡಿದರೆ ಮತ್ತೆ ಮೊದಲಿನಿಂದ. ಟಾರ್ಚ್ ಕಂಪನಿಯ ಗೇಮಿಗೆ ಬ್ಯಾಟರಿ ಇಲ್ಲ.

ಸೆಪ್ಟೆಂಬರ್ 23, ಮಂಗಳವಾರ

ಈರೇಶ ದಿನಾ ಆಡುತ್ತಿದ್ದಾನೆ. ಪ್ರತಿ ಸಲ ಗೇಮಿನೊಳಗಿನ ಒಂದೇ ನದಿಯ ದಡದಲ್ಲಿ ಮಷೀನು ಬಿಸಿಯಾಗಿ ನಿಂತುಬಿಡುತ್ತದಂತೆ. ದಾರಿ ಒಂದೇ — ನಾಲ್ಕೂ ಚಿಪ್ಪಿನೊಳಗೆ ಇರುವುದನ್ನು ಕಂಪ್ಯೂಟರಿಗೆ ಕಾಪಿ ಮಾಡಿಕೊಂಡು ಅಲ್ಲಿ ಆಡುವುದು. ಅದಕ್ಕೊಂದು ಯಂತ್ರ ಬೇಕು, ಆರ್ಡರ್ ಮಾಡಿದ್ದಾನೆ, ನಮ್ಮ ಮನೆಗೇ ಬರುತ್ತದೆ. ದಸರಾಕ್ಕೆ ರಜಾ ಹಾಕಿ ಬೋರ್ಡ್ ತರುತ್ತಾನೆ. ನಮ್ಮ ಜೊತೆಗಿರುವ ಅತ್ತೆಗೂ ಮಗ ಬಂದ ಹಾಗಾಯಿತು.

ಇವತ್ತು ಹೊರಿಬೆ ಸಾನ್ ಡೆಸ್ಕ್ ಖಾಲಿ ಮಾಡಿದರು. ಅವರ ನಿಘಂಟು ನನಗೆ ಕೊಟ್ಟರು. ನಾಲ್ಕನೇ ತಾರೀಖು ಮನೆಗೆ ಹೋಳಿಗೆ ಊಟಕ್ಕೆ ಕರೆದೆ. ಖಾಲಿ ಮನೆಯಲ್ಲಿ ಕೊನೆಯ ರಾತ್ರಿ ಒಬ್ಬರೇ ಯಾಕೆ, ಇಲ್ಲೇ ಮಲಗಿ, ನಾನೇ ಏರ್‌ಪೋರ್ಟಿಗೆ ಬಿಡುತ್ತೇನೆ ಎಂದೆ. ಒಪ್ಪಿದರು. ನನ್ನ ಮುಖ ನೋಡಿ, ಏನೋ ಮುಚ್ಚಿಡುತ್ತಿದ್ದೀಯ ಎಂದರು. ಏನಿಲ್ಲ ಎಂದೆ. ನಿನಗೆ ಸುಳ್ಳು ಹೇಳಲು ಯಾವ ಭಾಷೆಯಲ್ಲೂ ಬರುವುದಿಲ್ಲ ಎಂದು ನಕ್ಕರು.

ಅಕ್ಟೋಬರ್ 1, ಬುಧವಾರ

ಬರೆಯಲೇಬೇಕು. ಇಲ್ಲದಿದ್ದರೆ ಅತ್ತೆಯ ಎದುರು ಏನಾದರೂ ಅಂದುಬಿಡುತ್ತೇನೆ.

ಇವತ್ತು ಆಯುಧ ಪೂಜೆ. ನಾನು, ಸತ್ಯ ಆಫೀಸಿಗೆ. ನಿನ್ನೆ ರಾತ್ರಿ ಬೋರ್ಡ್ ತಂದ ಈರೇಶ ಮಹಡಿಯಲ್ಲಿ ಗೊರಕೆ. ಅತ್ತೆ ಒಬ್ಬರೇ ಸಂಭ್ರಮದಲ್ಲಿ. ಮಿಕ್ಸಿ, ಡ್ರಿಲ್ಲು, ಹುಲ್ಲು ಕತ್ತರಿಸುವ ಮಷೀನು, ಲ್ಯಾಪ್‌ಟಾಪು. ಕಳೆದ ಸಲ ಮನೆಯೊಳಗೆ ಲೋಬಾನ ಹಾಕಿ ಸ್ಮೋಕ್ ಅಲಾರಂ ಹೊಡೆದು ಫೈರ್ ಇಂಜಿನ್ ಬಂದಿತ್ತು. ಹಾಗಾಗಿ ಈ ಸಲ ಜಾಣತನ ಮಾಡಿ ಎಲ್ಲವನ್ನೂ ಮನೆಯ ಹಿಂದಿನ ಮರದ ಡೆಕ್ ಮೇಲೆ ಜೋಡಿಸಿದ್ದಾರೆ. ಚುರುಚುರು ಬಿಸಿಲು. ಸಾಲಿನ ನಡುವೆ, ಮಣೆಯ ಮೇಲೆ, ನಮ್ಮ ಬೋರ್ಡು.

ನಾನು ಮಧ್ಯಾಹ್ನ ಬಂದಾಗ ಈರೇಶ ಡೆಕ್ ಮೇಲೆ ತಲೆಯ ಮೇಲೆ ಕೈಹೊತ್ತು ಕೂತಿದ್ದ. 

ಚಿಪ್ಪುಗಳ ನೆತ್ತಿಯ ಮೇಲೆ ಪುಟ್ಟ ಗಾಜಿನ ಕಿಟಕಿ ಇರುತ್ತದೆ. ಅದರೊಳಗೆ ಬಿಸಿಲು ಹೋದರೆ ಬರೆದದ್ದು ಅಳಿಸಿಹೋಗುತ್ತದೆ. ಸ್ಟಿಕ್ಕರ್ ಹಚ್ಚುವುದೇ ಅದಕ್ಕೆ. ಅತ್ತೆ ನಾಲ್ಕನ್ನೂ ಉಗುರಿನಲ್ಲಿ ಕೆರೆದು ತೆಗೆದಿದ್ದಾರೆ.

"ಹೊಲಸ ಚೀಟಿ ಅವ್ವ, ಅಂಟು ಹಿಡಿದಿತ್ತು," ಎಂದರು ಅತ್ತೆ. "ಗಣಪ್ಪನ ವಾಹನ ಬಿಡಿಸ್ಯಾರ ಅದರ ಮ್ಯಾಲೆ. ಹಂಗ ಇಟ್ಟು ಪೂಜಿ ಮಾಡಲೇನು? ಒರಸಿ ಇಬತ್ತಿ ಹಚ್ಚೀನಿ."

ಹಚ್ಚಿದ್ದರು. ಪ್ರತಿ ಚಿಪ್ಪಿಗೂ ಮೂರು ಬೆರಳಿನ ವಿಭೂತಿ, ನಡುವೆ ಸರಿಯಾಗಿ ಗಾಜಿನ ಮೇಲೆ, ನೀರಲ್ಲಿ ಕಲಸಿದ ದಪ್ಪ ಕುಂಕುಮ. ಮೂರಕ್ಕೆ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಕುಂಕುಮ ಮುಗಿದು ಚೆಂಡು ಹೂವು ಇಟ್ಟರಂತೆ. ಗಾಳಿಗೆ ಹೂವು ಹಾರಿ ಹುಲ್ಲಿನ ಮೇಲೆ ಬಿದ್ದಿತ್ತು. ನಾಲ್ಕನೆಯ ಚಿಪ್ಪು ಬೆಳಿಗ್ಗೆಯಿಂದ ಬರಿ ಗಾಜು ತೆರೆದು ಸೂರ್ಯನನ್ನೇ ನೋಡುತ್ತಾ ಕೂತಿದೆ.

ಈರೇಶ ಮೆಲ್ಲಗೆ ಹೇಳಿದ, ಕುಂಕುಮ ಸ್ಟಿಕ್ಕರಿಗಿಂತ ದಪ್ಪ ಇದೆ, ಮೂರಕ್ಕೆ ಏನೂ ಆಗಿರುವುದಿಲ್ಲ. ನಾಲ್ಕನೆಯದೂ ಒಂದು ಹೊತ್ತಿನ ಬಿಸಿಲಿಗೆ ಪೂರ್ತಿ ಹೋಗುವಂಥದ್ದಲ್ಲ. ಆದರೆ ಮೂವತ್ತು ವರ್ಷದ ಚಿಪ್ಪು, ಮೊದಲೇ ಸುಸ್ತಾಗಿದೆ. ಕಥೆಯ ಕೊನೆಯ ಭಾಗ ಇರುವುದು ಅದರಲ್ಲೇ ಅಂತ ಅವನ ಅಂದಾಜು.

ಅತ್ತೆ ಇಬ್ಬರ ಮುಖವನ್ನೂ ನೋಡಿ, "ನನ್ನಿಂದ ಏನರ ತಪ್ಪಾತೇನು?" ಎಂದರು. ಇಲ್ಲ ಅತ್ತೆ ಎಂದೆ. ಸಿಟ್ಟು ನೆತ್ತಿಗೇರಿತ್ತು, ಅಳುವೂ ಬರುತ್ತಿತ್ತು. ತಟ್ಟೆಯಿಂದ ಮಂಗಳಾರತಿ ತೆಗೆದುಕೊಂಡೆ. ಬೋರ್ಡಿಗೂ ಕೈಮುಗಿದೆ, ಇನ್ನೇನು ಮಾಡಲಿ.

ಅಕ್ಟೋಬರ್ 2, ಗುರುವಾರ

ಕಾಪಿ ಮಾಡುವ ಯಂತ್ರ ಬಂತು. ಒಂದು, ಎರಡು, ಮೂರು — ಅಚ್ಚುಕಟ್ಟಾಗಿ ಕಾಪಿ. ಕುಂಕುಮಕ್ಕೆ ಜೈ. ನಾಲ್ಕನೆಯದು ಪ್ರತಿ ಸಲ ಓದಿದಾಗಲೂ ಬೇರೆ ಬೇರೆ ಬರುತ್ತಿದೆ. ಜ್ವರ ಬಂದವರು ಬಡಬಡಿಸಿದ ಹಾಗೆ. ಗೇಮಿಗೆ ಸೇರಿಸಿ ನೋಡಿದರೆ ಕೊನೆಯ ಬೆಟ್ಟವಿರಬೇಕಾದಲ್ಲಿ ಬರೀ ಬಣ್ಣದ ಚೂರು.

ದಸರಾ. ಬನ್ನಿ ಎಲೆಗೆ ಎಲ್ಲಿಗೆ ಹೋಗುವುದು? ಅತ್ತೆ ಬಡಾವಣೆಯೆಲ್ಲ ಸುತ್ತಿ ಹಳದಿಗೆ ತಿರುಗಿದ ಮೇಪಲ್ ಎಲೆ ಮಡಿಲು ತುಂಬ ಆರಿಸಿ ತಂದರು. ನನ್ನ ಕೈಗಿಟ್ಟು, "ಬಂಗಾರ ತಗೊಂಡು ಬಂಗಾರದಂಗ ಇರೂಣು," ಎಂದರು. ಹೇಳುವಾಗ ದನಿ ಸಣ್ಣದಾಗಿತ್ತು. ಈರೇಶ ಬಾಯಿ ಬಿಟ್ಟಿದ್ದಾನೆ ಎಂದು ಕಾಣುತ್ತದೆ. ನಿನ್ನೆಯ ಸಿಟ್ಟೆಲ್ಲ ಇಳಿದುಹೋಯಿತು. ಕಾಲು ಮುಟ್ಟಿ ನಮಸ್ಕಾರ ಮಾಡಿದೆ.

ಅಕ್ಟೋಬರ್ 3, ಶುಕ್ರವಾರ

ರಜಾ ಹಾಕಿದೆ. ಇವತ್ತೇ ಕೊನೆಯ ಅವಕಾಶ.

ತಣ್ಣಗಾದರೆ ಸುಸ್ತಾದ ಚಿಪ್ಪು ಕೆಲವು ಸಲ ಸರಿಯಾಗಿ ಓದಿಸಿಕೊಳ್ಳುತ್ತದೆ ಎಂದು ಈರೇಶ ಎಲ್ಲೋ ಓದಿದ. ನಾಲ್ಕನೆಯದನ್ನು ಜಿಪ್‌ಲಾಕ್ ಚೀಲದಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟ. ದೋಸೆ ಹಿಟ್ಟು, ಕೆಂಪು ಚಟ್ನಿ, ಮೊಗುತಾ. ಅತ್ತೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ, ತರಬೇಕಾದ ಸಾಮಾನು ಬರೆಯುವ ಪುಟ್ಟ ವೈಟ್‌ಬೋರ್ಡಿನ ಕೆಳಗೆ ಕುರ್ಚಿ ಹಾಕಿಕೊಂಡು ಕಾವಲು ಕೂತರು. ಸತ್ಯ ಹಾಲು ತೆಗೆಯಲು ಬಂದರೆ ಬಿಡಲಿಲ್ಲ. ಕಪ್ಪು ಕಾಫಿ ಕುಡಿದು ಆಫೀಸಿಗೆ ಹೋದ.

ಮಧ್ಯಾಹ್ನ 1.00

ಓದಿತು! ಓದಿತು, ಮತ್ತೆ ಓದಿದರೂ ಅದೇ, ಮತ್ತೆ ಓದಿದರೂ ಅದೇ! ಅತ್ತೆ ಸಕ್ಕರೆ ತಂದು ಎಲ್ಲರ ಬಾಯಿಗೂ ಹಾಕಿದರು. ಕಂಪ್ಯೂಟರಿನ ಪರದೆಗೂ ದೃಷ್ಟಿ ತೆಗೆದರು.

ಸಂಜೆ 5.45

ಮಧ್ಯಾಹ್ನವೆಲ್ಲ ಆಡಿದೆವು. ನದಿ ದಾಟಿತು. ಬೇರುಗಳ ಅರಮನೆ ದಾಟಿತು. ಕುರುಡು ಬಾವಲಿಗಳ ಕೋರ್ಟಿನಲ್ಲಿ ಒಂದು ವಾದ, ಅದರ ಭಾಷೆ ಎಷ್ಟು ಚೆನ್ನಾಗಿತ್ತೆಂದರೆ ಈರೇಶನಿಗೆ ಹೇಳುವುದನ್ನೂ ಮರೆತು ಓದುತ್ತಾ ಕೂತೆ. ಈಗ ಮೊಗುತಾ ಬೆಟ್ಟದ ಮೇಲೆ ನಿಂತಿದ್ದಾನೆ. ಆಕಾಶ ಬೆಳ್ಳಗಾಗುತ್ತಿದೆ. ಟಾರ್ಚು ಉರಿಯುತ್ತಿದೆ.

"ಮುಂದ ಒತ್ತಲೇನ್ರಿ ವೈನಿ?"

ಬೇಡ ಎಂದೆ. ಯಾಕೆ ಅಂದೆನೋ. ಇಷ್ಟು ದಿನ ನನ್ನ ಪ್ಲಾನು ಬೇರೆ ಇತ್ತು. ಮೊದಲು ನಾನು ನೋಡುವುದು, ಚಿತ್ರ ಇದ್ದರೆ ತೋರಿಸುವುದು, ಇಲ್ಲದಿದ್ದರೆ ಸುಮ್ಮನಾಗುವುದು. ಅದೂ ಸೋಸುವುದೇ ಅಲ್ಲವೇ. ಇಲ್ಲದಿದ್ದರೆ ಅವರ ಕಣ್ಣೆದುರಿಗೇ ಇಲ್ಲದಿರಲಿ. ಅದು ಅವರದು.

 

ಅಕ್ಟೋಬರ್ 4, ಶನಿವಾರ

ಹೊರಿಬೆ ಸಾನ್ ಊಟಕ್ಕೆ ಬಂದರು. ಅತ್ತೆಗೆ ಬಗ್ಗಿ ನಮಸ್ಕಾರ ಮಾಡಿದರು. ಅತ್ತೆಯೂ ಬಗ್ಗಿದರು, ಅವರು ಮತ್ತೆ ಬಗ್ಗಿದರು, ಅತ್ತೆಯೂ ಮತ್ತೆ. ಸತ್ಯ ನಡುವೆ ಹೋಗಿ ಬಿಡಿಸದಿದ್ದರೆ ಹೋಳಿಗೆ ಆರಿಹೋಗುತ್ತಿತ್ತು.

ಊಟವಾದ ಮೇಲೆ ಸೋಫಾದಲ್ಲಿ ಕೂರಿಸಿದೆ.  ಕಂಪ್ಯೂಟರಿಗೆ ಜೋಡಿಸಿದ್ದ ಟಿವಿ ಹಾಕಿದೆ, ನಿನ್ನೆ ನಿಲ್ಲಿಸಿದಲ್ಲೇ ಮೊಗುತಾ ನಿಂತಿದ್ದ.

ಮೊದಲು ಅವರಿಗೆ ತಿಳಿಯಲಿಲ್ಲ. ಆಮೇಲೆ ಎದ್ದು ಟಿವಿಯ ಹತ್ತಿರ ಹೋಗಿ ನೆಲದ ಮೇಲೆ ಮಂಡಿಯೂರಿದರು. ಬೆರಳಿನಿಂದ ಹೆಲ್ಮೆಟ್ಟಿನ ಅಂಚು ಮುಟ್ಟಿದರು. "ಇಲ್ಲೊಂದು ಗೀರು ಇಟ್ಟಿದ್ದೆ," ಎಂದರು. "ಮೊದಲನೆಯ ಗುಹೆಯಲ್ಲಿ ಕಲ್ಲು ತಾಗಿದ್ದಕ್ಕೆ." ಗೀರು ಇತ್ತು. ಇಷ್ಟು ದಿನ ನಾವು ಅದನ್ನು ನೋಡಿಯೇ ಇರಲಿಲ್ಲ.

ಈರೇಶ ಕಂಟ್ರೋಲರ್ ಅವರ ಕೈಗೆ ಕೊಟ್ಟ. ಮುಂದಿನದನ್ನು ನಾವು ಯಾರೂ ನೋಡಿಲ್ಲ, ಏನಿದೆಯೋ ಗೊತ್ತಿಲ್ಲ ಎಂದು ನಾನು ಹೇಳಿದೆ.  ಅವರು ಗುಂಡಿ ಒತ್ತಿದರು.

ಅಕ್ಷರ ಮೂಡಿತು: "ಬೆಳಗಾಯಿತು." ಮತ್ತೆ ಒತ್ತಿದರು. ಏನೂ ಇಲ್ಲ. ಟಾರ್ಚು ಹಾಗೇ ಉರಿಯುತ್ತಿದೆ. ಮತ್ತೆ. ಇಲ್ಲ.  ಅವರು ಕಂಟ್ರೋಲರ್ ತೊಡೆಯ ಮೇಲಿಟ್ಟು, ಹೋಗಲಿ ಬಿಡು ಎನ್ನುವಂತೆ ತಲೆಯಾಡಿಸಿದರು. ಅಷ್ಟರಲ್ಲಿ, ತನ್ನಷ್ಟಕ್ಕೆ, ಮೊಗುತಾ ಕೈಯಲ್ಲಿದ್ದ ಟಾರ್ಚನ್ನು ಒಮ್ಮೆ ನೋಡಿದ. ಕ್ಲಿಕ್. ಬೆಟ್ಟವೆಲ್ಲ ಬಂಗಾರ.

 ನಾನು ಪಕ್ಕದಲ್ಲಿದ್ದ ಈರೇಶನ ಭುಜ ಗುದ್ದಿದೆ.

ಆಮೇಲೆ ಹೆಸರುಗಳು ಬಂದವು. ಎಲ್ಲಕ್ಕಿಂತ ಮೇಲೆ ಒಬ್ಬರದೇ: "ಕೊನೆಯ ಚಿತ್ರ — ಮಿನೆಗಿಶಿ ಚಿಯೊ." ಅವರ ತವರಿನ ಹೆಸರು. ಅದರ ಕೆಳಗೆ ಉಳಿದವರೆಲ್ಲರ ಹೆಸರು, ಒಂದರ ಪಕ್ಕ ಒಂದು. ಕಡೆಗೆ ಒಂದು ಸಾಲು. ಅತ್ತೆ ನನ್ನ ತೋಳು ಹಿಡಿದು, ಏನು ಬರದಾರ ಹೇಳವ್ವ ಎಂದರು. ಹೇಳಿದೆ.

"ಈ ದೀಪ ಆರಿಸಿದ್ದು ನಾವೆಲ್ಲರೂ."

ಅವರು ಬಿಟ್ಟುಹೋದ ಮೇಲೆ, ಟಾರ್ಚ್ ಕಂಪನಿ ಬೇಡವೆಂದ ಮೇಲೆ, ಎಲ್ಲರೂ ಗೊತ್ತಿದ್ದೇ ಆ ಚಿತ್ರ ಇಟ್ಟಿದ್ದಾರೆ. ಗೇಮ್ ಹೋದರೆ ಹೋಗಲಿ ಎಂದು ಇಟ್ಟಿದ್ದಾರೆ. ಹೊರಿಬೆ ಸಾನ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. "ನಾನೊಬ್ಬಳೇ ಆರಿಸಿದ್ದು ಅಂದುಕೊಂಡಿದ್ದೆ," ಎಂದರು. "ಇಷ್ಟು ವರ್ಷ." ಅವರು ಅತ್ತಿದ್ದನ್ನು ನಾನು ನೋಡಿದ್ದೇ ಇವತ್ತು. ನನಗೂ ಅಳು ಬಂತು. ಈರೇಶ ಕೇಬಲ್ ಸರಿಮಾಡುವವನ ಹಾಗೆ ಟಿವಿಯ ಹಿಂದೆ ಹೋದ.

ಅತ್ತೆ ಮಾತ್ರ ನನ್ನ ಮೇಲೆ ಮುಖ ಸಿಂಡರಿಸಿದರು. "ದೀಪಕ್ಕ ಆರಿಸಿದ್ವಿ ಅನಬಾರದವ್ವ. ಶಾಂತ ಮಾಡಿದ್ವಿ ಅನ್ನಬೇಕು."

ಹೊರಿಬೆ ಸಾನ್ ಕಣ್ಣು ಒರೆಸಿಕೊಂಡು, ಅವರೇನೆಂದರು ಎಂದು ಕೇಳಿದರು. ಏನಿಲ್ಲ ಎಂದು ಹೇಳಹೊರಟೆ. "ಸೋಸಬೇಡ," ಎಂದರು.

ಹೇಳಿದೆ. ನಮ್ಮಲ್ಲಿ ದೀಪವನ್ನು ಆರಿಸಿದೆ ಎನ್ನುವುದಿಲ್ಲ, ಅದರ ಕೆಲಸ ಮುಗಿಯಿತು, ಅದು ಶಾಂತವಾಯಿತು ಎನ್ನುತ್ತೇವೆ. ಬೆಳಗಾದ ಮೇಲೆ ಹಾಗೆ ಮಾಡುವುದು ತಪ್ಪಲ್ಲ. ಜಪಾನೀಸಿನಲ್ಲಿ ಅದಕ್ಕೆ ಸರಿಯಾದ ಪದ ಹುಡುಕಲು ಹೊತ್ತು ಹಿಡಿಯಿತು. ಸಿಕ್ಕಿತು. ಅವರು ಆ ಪದವನ್ನು ತಮ್ಮಷ್ಟಕ್ಕೆ ಇನ್ನೊಮ್ಮೆ ಹೇಳಿಕೊಂಡರು. ಆಮೇಲೆ ಎದ್ದು ಹೋಗಿ ಅತ್ತೆಯ ಪಕ್ಕದಲ್ಲಿ ಕೂತರು. ಅತ್ತೆ ಮಡಿಲಿನಿಂದ ಒಂದು ಮೇಪಲ್ ಎಲೆ ತೆಗೆದು ಅವರ ಕೈಗಿಟ್ಟು, ಬಂಗಾರ ಎಂದರು. ಅದನ್ನು ನಾನು ಅನುವಾದಿಸಬೇಕಾಗಲಿಲ್ಲ.

ಅಕ್ಟೋಬರ್ 5, ಭಾನುವಾರ

ಏರ್‌ಪೋರ್ಟಿಗೆ ಬಿಟ್ಟು ಬಂದೆ. ದಾರಿಯುದ್ದಕ್ಕೂ ಹವಾಮಾನ, ಸೂಟ್‌ಕೇಸಿನ ತೂಕ, ಪೆಡಲ್ ಇದೇ ಮಾತು.  ಗೇಮಿನ ಕಾಪಿ ಇರುವ ಪುಟ್ಟ ಪೆನ್ ಡ್ರೈವ್ ಅವರ ಪರ್ಸಿನಲ್ಲಿದೆ, ಮೇಪಲ್ ಎಲೆಯ ಜೊತೆ. ಬಾಗಿಲ ಹತ್ತಿರ ತಿರುಗಿ ನೋಡಿ, ನಾನು ಕೊಟ್ಟ ನಿಘಂಟಿನಲ್ಲಿ ಆ ಪದದ ಪಕ್ಕ ನಿಮ್ಮ ‘ಶಾಂತ’ವನ್ನೂ ಬರೆದಿಟ್ಟುಕೋ ಎಂದರು. ಅಷ್ಟೇ.

75ನೇ ಹೆದ್ದಾರಿಯಲ್ಲಿ ಅಳುತ್ತಾ ಬಂದೆ. ನಾನು ತಿರುಗಬೇಕಾದ ಎಕ್ಸಿಟ್ ದಾಟಿಹೋಯಿತು.

ಮಧ್ಯಾಹ್ನ 12.20

ಈಗ ಅಡುಗೆಮನೆಯಲ್ಲಿ ನಿಂತೇ ಬರೆಯುತ್ತಿದ್ದೇನೆ. ಅತ್ತೆ ಕರೆದರು, ಇಲ್ಲಿ ಬಾ, ಇದು ಯಾವಾಗ ಬಂತು ನೋಡು ಎಂದು. ಫ್ರಿಜ್ಜಿನ ವೈಟ್‌ಬೋರ್ಡು. ಕೊತ್ತಂಬರಿ, ಮೊಸರು, ಈರುಳ್ಳಿ — ನನ್ನ ಅಕ್ಷರ. ಅದರ ಕೆಳಗೆ, ಬೆಳಿಗ್ಗೆ ನಾನು ಕಾರು ತೆಗೆಯಲು ಹೋದಾಗಲೇ ಅವರು ಬರೆದಿರಬೇಕು, ಹಸಿರು ಮಾರ್ಕರಿನಲ್ಲಿ ಮೊಗುತಾ. ಒಂದೇ ಉಸಿರಿಗೆ ಎಳೆದ ಗೆರೆ, ಎಲ್ಲೂ ನಡುಗಿಲ್ಲ. ಹೆಲ್ಮೆಟ್ಟಿನ ಮೇಲೆ ಆ ಗೀರು. ಹಣೆಗೆ ಅತ್ತೆಯ ಹಣೆಯಲ್ಲಿರುವಂತೆ ಮೂರು ಪಟ್ಟೆ ವಿಭೂತಿ. ಕೈಯಲ್ಲಿ ಟಾರ್ಚು ಇಲ್ಲ, ಹೋಳಿಗೆ.

ಅತ್ತೆ ಆಗಲೇ ಕುಂಕುಮದ ಬಟ್ಟಲು ಹಿಡಿದು ಬರುತ್ತಿದ್ದಾರೆ.

ಇನ್ನೂ ಬೋರ್ಡಿಂಗ್ ಆಗಿರಲಿಕ್ಕಿಲ್ಲ. ಫೋನ್ ಮಾಡಿದ್ದೇನೆ, ರಿಂಗ್ ಆಗುತ್ತಿದೆ. ಏನು ಹೇಳಲಿ? ಜಪಾನೀಸಿನಲ್ಲಿ ಒಂದು ಪದವೂ ನೆನಪಿಗೆ ಬರುತ್ತಿಲ್ಲ, ಹೋಗಲಿ, ಬಾಯಿಗೆ ಬಂದದ್ದನ್ನು ಸೋಸದೆ ಹಾಗೇ... ಎತ್ತಿದರು —